ಸಾಸಿವೆ ಡಬ್ಬಿಯ ರೂಪಾಯಿ

ತುಳುನಾಡಿನ ಹಳೆಯ ಮನೆಗಳಲ್ಲಿ ದೇವರ ಕೋಣೆಯ ಮೂಲೆಯಲ್ಲಿ ಒಂದು ಮುಡಿಪಿನ ಗಂಟು ಇರುವುದು ಅಪೂರ್ವವೇನಲ್ಲ. ಮಗುವಿಗೆ ಜ್ವರ ಬಿಡದಿದ್ದಾಗ, ಹಸು ಈಯಲು ತಡವಾದಾಗ, ಮಗನ ಪರೀಕ್ಷೆಯ ಫಲಿತಾಂಶಕ್ಕೆ ಮನೆಮಂದಿಯೆಲ್ಲ ಕಾದು ಕುಳಿತಾಗ, ಹಿರಿಯಾಕೆ ಒಂದು ನಾಣ್ಯವನ್ನು ಅರಸಿನ ಬಟ್ಟೆಯಲ್ಲಿ ಕಟ್ಟಿ ಧರ್ಮಸ್ಥಳಕ್ಕೋ ತಿರುಪತಿಗೋ ಹೇಳಿಕೊಳ್ಳುತ್ತಾಳೆ. ಆ ಗಂಟು ಕೆಲವೊಮ್ಮೆ ವರ್ಷಗಟ್ಟಲೆ ಬಿಚ್ಚಿಕೊಳ್ಳುವುದೇ ಇಲ್ಲ. ಬಿಚ್ಚಿದ ದಿನ ಒಂದು ಕುಟುಂಬದ ನಲವತ್ತು ವರ್ಷಗಳ ಚಿಲ್ಲರೆ ಮಣೆಯ ಮೇಲೆ ಬಂದು ಬೀಳುತ್ತದೆ.

ಅಂಥ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಊರು ಬಂಟ್ವಾಳ, ಮನೆ ನೇತ್ರಾವತಿಯ ದಂಡೆಗೆ ಕೂಗಳತೆ ದೂರ. ಎಂಬತ್ತು ದಾಟಿದ ಅಜ್ಜಿ ಗಂಟನ್ನು ಬಿಚ್ಚಿ ಮೊಮ್ಮಗನಿಗೆ ಎಣಿಸಲು ಹೇಳಿದ್ದಾಳೆ. ಕಾಲೇಜಿಗೆ ಹೋಗುವ ಮೊಮ್ಮಗ ಎಣಿಸುತ್ತಾ ಎಣಿಸುತ್ತಾ ಒಂದು ಹತ್ತು ರೂಪಾಯಿಯ ನಾಣ್ಯವನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾನೆ. ಅದರ ಮೇಲೆ ವೈಷ್ಣೋದೇವಿಯ ಚಿತ್ರವಿದೆ. ಇಂಥ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯಿದೆಯೆಂದು ಅವನು ಮೊಬೈಲಿನಲ್ಲಿ ನೋಡಿದ್ದಾನೆ. ಸಂಜೆಯೊಳಗೆ ಅಲ್ಲಿ ಕೊಟ್ಟಿದ್ದ ಸಂಖ್ಯೆಗೆ ಚಿತ್ರ ಹೋಗುತ್ತದೆ. ರಾತ್ರಿಯೊಳಗೆ ಉತ್ತರವೂ ಬರುತ್ತದೆ. ನಾಣ್ಯ ಅತ್ಯಂತ ಅಪರೂಪದ್ದು, ಮೂರು ಲಕ್ಷಕ್ಕೆ ಗಿರಾಕಿ ಸಿದ್ಧವಾಗಿದ್ದಾರೆ, ಆದರೆ ಮೊದಲು ನೋಂದಣಿಯ ಬಾಬ್ತು ಎರಡೂವರೆ ಸಾವಿರ ರೂಪಾಯಿ ಕಳುಹಿಸಬೇಕು. ತಂಗಿಯ ಕಾಲೇಜು ಶುಲ್ಕಕ್ಕೆಂದು ತಾಯಿ ತೆಗೆದಿಟ್ಟ ಹಣ ಮನೆಯಲ್ಲೇ ಇದೆ. ಮೂರು ಲಕ್ಷ ಬರುವಾಗ ಎರಡೂವರೆ ಸಾವಿರದ ಮಾತೇನು?

ಅಜ್ಜಿ ಮಾತ್ರ ಒಂದೇ ಮಾತು ಹೇಳಿದಳು: "ದುಡ್ಡು ಕೊಡುವವನು ಮೊದಲು ದುಡ್ಡು ಕೇಳುತ್ತಾನೆಯೇ ಮಗಾ? ಮೂಡುಬಿದಿರೆಯ ಅಜ್ಜನಿಗೆ ಒಮ್ಮೆ ತೋರಿಸಿ ಬರೋಣ."

ಮೂಡುಬಿದಿರೆಯ ಅಜ್ಜನೆಂದರೆ ಆಕೆಯ ತಮ್ಮ. ನಿವೃತ್ತ ವಿಜ್ಞಾನ ಶಿಕ್ಷಕ, ನಾಣ್ಯಸಂಗ್ರಾಹಕ. ಮರುದಿನ ಅಜ್ಜಿ, ಮೊಮ್ಮಗ ಸಿದ್ಧಕಟ್ಟೆಯ ದಾರಿಯಾಗಿ ಬಸ್ಸಿನಲ್ಲಿ ಹೊರಟರು. ಸುದ್ದಿ ತಿಳಿದ ಬೆಳ್ತಂಗಡಿಯ ಅಳಿಯನೂ ವೇಣೂರಿನ ಮಾರ್ಗವಾಗಿ ಬಂದು ಸೇರಿಕೊಂಡ. ಅವನ ಜೇಬಿನಲ್ಲಿಯೂ ಒಂದು ವಿಚಿತ್ರ ನಾಣ್ಯವಿತ್ತು. ಜಾತ್ರೆಯೊಂದರಲ್ಲಿ ಯಾರೋ ಅಪರಿಚಿತನಿಂದ ಮೂರು ಸಾವಿರ ಕೊಟ್ಟು ಕೊಂಡದ್ದು.

ಮಾಸ್ತರರು ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಒಂದು ಭೂತಗನ್ನಡಿ, ಒಂದು ಅಯಸ್ಕಾಂತ, ಅಕ್ಕಸಾಲಿಗರು ಬಳಸುವಂಥ ಒಂದು ಸಣ್ಣ ತಕ್ಕಡಿ, ಇಷ್ಟನ್ನು ತಂದಿಟ್ಟರು. ನಾಣ್ಯವನ್ನು ನೋಡುವುದಕ್ಕೆ ಮೊದಲು ನಾಣ್ಯ ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಬೇಕೆಂಬುದು ಅವರ ಮತ. ಆ ಮತದಲ್ಲಿ ತಥ್ಯವಿದೆ. ಟಂಕಸಾಲೆಯಲ್ಲಿ ಆಗಲು ಸಾಧ್ಯವಾದ ತಪ್ಪು ಯಾವುದು, ಸಾಧ್ಯವಲ್ಲದ್ದು ಯಾವುದು ಎಂಬುದನ್ನು ಅರಿತವನನ್ನು ಮೋಸಗೊಳಿಸುವುದು ಕಷ್ಟ.

ಇಂದಿನ ಟಂಕಸಾಲೆಯ ಕ್ರಮ ಹೀಗಿದೆ. ಲೋಹವನ್ನು ಕರಗಿಸಿ ಉದ್ದನೆಯ ಪಟ್ಟಿಯಾಗಿ ಲಟ್ಟಿಸುತ್ತಾರೆ. ಆ ಪಟ್ಟಿಯಿಂದ ಯಂತ್ರವು ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತದೆ. ಅಡುಗೆಮನೆಯಲ್ಲಿ ಲಟ್ಟಿಸಿದ ಹಿಟ್ಟಿನಿಂದ ಬಟ್ಟಲಿನ ಬಾಯಿಯಿಂದ ಪೂರಿಗಳನ್ನು ಕತ್ತರಿಸಿದಂತೆ. ಬಳಿಕ ಬಿಲ್ಲೆಯ ಸುತ್ತ ಅಂಚನ್ನು ಒತ್ತಿ ಎತ್ತರಿಸಿ, ಕಾಯಿಸಿ ಮೃದುಗೊಳಿಸಿ, ತೊಳೆಯುತ್ತಾರೆ. ಕೊನೆಗೆ ಅದನ್ನು ಒಂದು ಉಕ್ಕಿನ ಬಳೆಯ ನಡುವೆ ಕೂರಿಸಿ, ಮೇಲೊಂದು ಕೆಳಗೊಂದು ಅಚ್ಚುಗಳ ಮಧ್ಯೆ ಭಾರಿ ಒತ್ತಡದಿಂದ ಅಮುಕುತ್ತಾರೆ. ಒಂದೇ ಏಟಿಗೆ ಎರಡು ಮುಖಗಳೂ ಮೂಡುತ್ತವೆ. ಆದ್ದರಿಂದ ತಪ್ಪುಗಳು ಮೂರು ಕಡೆಗಳಲ್ಲಿ ಮಾತ್ರ ಹುಟ್ಟಬಲ್ಲವು: ಬಿಲ್ಲೆಯಲ್ಲಿ, ಅಚ್ಚಿನಲ್ಲಿ, ಇಲ್ಲವೇ ಒತ್ತುವ ಗಳಿಗೆಯಲ್ಲಿ. ಈ ಮೂರಕ್ಕೂ ಸೇರದ ವಿಕಾರವೆಲ್ಲ ನಾಣ್ಯವು ಹೊರಗೆ ಬಂದ ಮೇಲೆ ಅನುಭವಿಸಿದ ಕಷ್ಟವೇ ಹೊರತು ಟಂಕಸಾಲೆಯ ತಪ್ಪಲ್ಲ.

ಮೊದಲು ಅಳಿಯನ ನಾಣ್ಯವನ್ನು ನೋಡಲಾಯಿತು. ಅದರ ಒಂದು ಮುಖದಲ್ಲಿ ಸಿಂಹಗಳ ಲಾಂಛನ ಉಬ್ಬಿರುವ ಬದಲು ತಗ್ಗಾಗಿ, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಕಾಣುತ್ತಿದ್ದವು. ಇಂಥ ತಪ್ಪು ನಿಜಕ್ಕೂ ಉಂಟು. ಒತ್ತಿದ ನಾಣ್ಯವೊಂದು ಹೊರಬೀಳದೆ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯದ ಮುಖವೇ ತಗಲುತ್ತದೆ. ಆಗ ತಗ್ಗಾದ ತಿರುಗುಮುರುಗು ಚಿತ್ರ ಬೀಳುತ್ತದೆ. ಸಂಗ್ರಾಹಕರು ಇದನ್ನು ಆದರದಿಂದ ಕೊಳ್ಳುತ್ತಾರೆ. ಆದರೆ ಎರಡು ನಾಣ್ಯಗಳನ್ನು ಜೋಡಿಸಿ ಕಮ್ಮಾರನ ಇಕ್ಕಳಕ್ಕೆ ಸಿಕ್ಕಿಸಿ ಬಿಗಿದರೂ ಇಂಥದೇ ಗುರುತು ಬೀಳುತ್ತದೆಂಬುದು ಮೋಸಗಾರರಿಗೆ ಗೊತ್ತು.

ಎರಡರ ನಡುವಣ ಭೇದ ಸರಳವಾಗಿದೆ. ನಿಜವಾದ ತಪ್ಪಿನಲ್ಲಿ ಆ ಮುಖಕ್ಕೆ ಅದರ ಸ್ವಂತ ಅಚ್ಚು ತಗಲಿಯೇ ಇರುವುದಿಲ್ಲ. ಆದ್ದರಿಂದ ಅಲ್ಲಿ ತಿರುಗುಮುರುಗು ಚಿತ್ರವೊಂದೇ ಇರಬೇಕು. ಅಳಿಯನ ನಾಣ್ಯದಲ್ಲಿ ಭೂತಗನ್ನಡಿ ಹಿಡಿದು ನೋಡಿದಾಗ, ತಗ್ಗಾದ ಸಿಂಹಗಳ ಕೆಳಗೆ ಬೆಲೆಯನ್ನು ಸೂಚಿಸುವ ಅಂಕಿಯ ಜಜ್ಜಿದ ಅವಶೇಷ ಮಸುಕಾಗಿ ಉಳಿದಿತ್ತು. ಹಿಂಬದಿಯ ಅಕ್ಷರಗಳೆಲ್ಲ ಇಕ್ಕಳದ ಒತ್ತಡಕ್ಕೆ ಚಪ್ಪಟೆಯಾಗಿದ್ದವು. ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಅಡಕೆ ಮಾರಿದ ಹಣದಲ್ಲಿ ಮೂರು ಸಾವಿರವನ್ನು ಹೆಂಡತಿಗೆ ತಿಳಿಸದೆ ತೆಗೆದು ಕೊಟ್ಟಿದ್ದನೆಂಬುದು ಆಮೇಲೆ ತಿಳಿಯಿತು.

ಎರಡನೆಯದು ಮುಡಿಪಿನಲ್ಲಿದ್ದ ಒಂದು ರೂಪಾಯಿ. ಇಸವಿಯ ಕೆಳಗೆ ಯಾವ ಗುರುತೂ ಇಲ್ಲದ್ದರಿಂದ ಅದು ತಪ್ಪು ನಾಣ್ಯವೆಂದು ಮೊಮ್ಮಗನ ವಾದ. ಈ ಭ್ರಮೆ ಅನೇಕರಲ್ಲಿದೆ. ಭಾರತದ ನಾಣ್ಯಗಳು ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾ ಎಂಬ ನಾಲ್ಕು ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡನೆಯ ಚುಕ್ಕೆಯಿದ್ದರೆ ನೋಯ್ಡಾದ್ದು. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ. ಗುರುತಿಲ್ಲದಿರುವುದೇ ಅದರ ಗುರುತು. ರೂಪಾಯಿ ರೂಪಾಯಿಯಾಗಿಯೇ ಮುಡಿಪಿಗೆ ಮರಳಿತು.

ಮೂರನೆಯದರ ಮೇಲೆ ಅಂಚಿನಿಂದ ನಡುವಿನವರೆಗೆ ಒಂದು ಗೆರೆ ಹಾಯ್ದಿತ್ತು. ಇಲ್ಲಿ ಒಂದು ಸೂತ್ರವನ್ನು ಮನೆಯ ಮಕ್ಕಳು ಸಹ ಕಲಿತಿಡಬಹುದು. ಅಚ್ಚು ಬಿರುಕು ಬಿಟ್ಟರೆ ಒತ್ತುವಾಗ ಲೋಹವು ಆ ಬಿರುಕಿನೊಳಕ್ಕೆ ನುಗ್ಗುತ್ತದೆ. ಆದುದರಿಂದ ನಾಣ್ಯದ ಮೇಲೆ ಗೆರೆಯು ಉಬ್ಬಿಕೊಂಡು ಬರುತ್ತದೆ. ಮೊಳೆಯಿಂದಲೋ ಕಲ್ಲಿನಿಂದಲೋ ಗೀರಿದರೆ ಗೆರೆ ತಗ್ಗಾಗಿರುತ್ತದೆ. ಉಬ್ಬಿದ ಗೆರೆ ಟಂಕಸಾಲೆಯದು, ತಗ್ಗಿದ ಗೆರೆ ಬೀದಿಯದು. ಈ ನಾಣ್ಯದ ಗೆರೆ ಉಗುರಿಗೆ ತಗ್ಗಾಗಿಯೇ ಸಿಕ್ಕಿತು.

ಬೀದಿಯು ನಾಣ್ಯಕ್ಕೆ ಕೊಡುವ ರೂಪಗಳು ಒಂದೆರಡಲ್ಲ. ಧರ್ಮಸ್ಥಳದ ಸ್ನಾನಘಟ್ಟದಲ್ಲಿ ಭಕ್ತರು ನದಿಗೆ ಎಸೆದ ನಾಣ್ಯ ಮರಳಿನಲ್ಲಿ ಉಜ್ಜಿ ಉಜ್ಜಿ ಅಕ್ಷರ ಕಳೆದುಕೊಳ್ಳುತ್ತದೆ. ಕರಾವಳಿಯ ತೇವದ ಗಾಳಿಗೆ ತಾಮ್ರದ ಬಿಲ್ಲೆ ಕಿಲುಬು ಹಿಡಿದು ಹಸುರಾಗುತ್ತದೆ. ರೈಲು ಹಳಿಯ ಮೇಲಿಟ್ಟ ನಾಣ್ಯ ಅಗಲವಾಗಿ, ಅಂಚು ಅಳಿಸಿ, ಅಕ್ಷರಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಾಗುತ್ತವೆ. ಪ್ರಾಣಾಪಾಯದ ಆ ಆಟವನ್ನು ಮಕ್ಕಳು ಆಡದಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ. ಬೆಂಕಿಗೆ ಬಿದ್ದ ಹತ್ತು ರೂಪಾಯಿಯ ನಡುಬಿಲ್ಲೆ ಸಡಿಲವಾಗಿ ಕಳಚಿಬರಬಹುದು. ಇವು ಯಾವುವೂ ಸಂಗ್ರಾಹಕನಿಗೆ ಬೇಡ.

ತುಳುನಾಡಿನ ಪ್ರಾಚೀನ ನಾಣ್ಯಗಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಆಳುಪರು ಹೊರಡಿಸಿದ ಜೋಡಿ ಮೀನಿನ ಚಿನ್ನದ ನಾಣ್ಯಗಳು, ವಿಜಯನಗರದ ಕಾಲದಲ್ಲಿ ಶಾಸನಗಳು ಹೆಸರಿಸುವ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣಗಳು, ಶಿವಪಾರ್ವತಿಯರ ಚಿತ್ರವುಳ್ಳ ಇಕ್ಕೇರಿಯ ವರಾಹಗಳು, ಆನೆಯ ಚಿತ್ರವುಳ್ಳ ಟಿಪ್ಪುವಿನ ತಾಮ್ರದ ಕಾಸುಗಳು, ಇವೆಲ್ಲವೂ ಸುತ್ತಿಗೆಯ ಏಟಿನಿಂದ ಹುಟ್ಟಿದವು. ಕೆಳಗಿನ ಅಚ್ಚಿನ ಮೇಲೆ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಹೊಡೆಯುತ್ತಿದ್ದರು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುವುದೂ ಉಂಟು. ಆದ್ದರಿಂದ ಚಿತ್ರ ಪಕ್ಕಕ್ಕೆ ಸರಿಯುವುದು, ಅರ್ಧ ಅಕ್ಷರ ಬೀಳುವುದು, ಅಂಚು ಒಡೆಯುವುದು ಆ ನಾಣ್ಯಗಳ ಸಹಜ ಧರ್ಮ. ಯಂತ್ರದ ರೂಪಾಯಿಯಲ್ಲಿ ಅಪರೂಪವಾದದ್ದು ಅಲ್ಲಿ ದಿನನಿತ್ಯದ್ದು. ಅರ್ಧ ಸೊಂಡಿಲಿನ ಆನೆಯನ್ನು ತೋರಿಸಿ ತಪ್ಪು ನಾಣ್ಯವೆಂದು ಹೆಚ್ಚು ಬೆಲೆ ಕೇಳುವವನು ಒಂದೋ ತಿಳಿಯದವನು, ಅಲ್ಲವೇ ತಿಳಿದೂ ಹೇಳುವವನು.

ಆನೆಯ ಮಾತು ಬಂದಾಗ 1911ರ ರೂಪಾಯಿಯ ಕಥೆಯನ್ನು ಹೇಳದಿರಲಾಗದು. ಐದನೆಯ ಜಾರ್ಜ್ ಪಟ್ಟಕ್ಕೆ ಬಂದಾಗ ಹೊರಟ ಆ ಬೆಳ್ಳಿಯ ರೂಪಾಯಿಯಲ್ಲಿ ದೊರೆಯ ಉಡುಪಿನ ಮೇಲೆ ಒಂದು ಪುಟ್ಟ ಆನೆಯಿತ್ತು. ಸೊಂಡಿಲೂ ಬಾಲವೂ ಮೋಟಾದ ಕಾರಣ ಅದು ಜನರ ಕಣ್ಣಿಗೆ ಹಂದಿಯಾಗಿ ಕಂಡಿತು. ಎಲ್ಲೆಡೆ ಅಸಮಾಧಾನ ಎದ್ದಿತು. ಸುಮಾರು 94 ಲಕ್ಷ ನಾಣ್ಯಗಳು ಅಚ್ಚಾಗಿದ್ದರೂ ಚಲಾವಣೆಗೆ ಬಂದಿದ್ದವು ಸುಮಾರು 7 ಲಕ್ಷ ಮಾತ್ರ, ಉಳಿದವು ಹೊರಬೀಳಲಿಲ್ಲ. 1912ರ ರೂಪಾಯಿಯಲ್ಲಿ ಆನೆಗೆ ಸೊಂಡಿಲು ಸ್ಪಷ್ಟವಾಗಿ ಮೂಡಿತು. ಇಂದಿಗೂ ಸಂಗ್ರಾಹಕರು ಅದನ್ನು ಹಂದಿ ರೂಪಾಯಿಯೆಂದೇ ಕರೆಯುತ್ತಾರೆ. ಇದು ಯಂತ್ರದ ತಪ್ಪಲ್ಲ, ಚಿತ್ರಕಾರನ ತಪ್ಪು. ಒಂದೇ ಒಂದು ನಾಣ್ಯದಲ್ಲಿ ಇರುವುದು ಒತ್ತುವಾಗಿನ ತಪ್ಪು. ಲಕ್ಷ ನಾಣ್ಯಗಳಲ್ಲಿ ಒಂದೇ ತೆರನಾಗಿ ಇರುವುದು ರಚನೆಯ ತಪ್ಪು ಇಲ್ಲವೇ ಭೇದ.

ಈ ಭೇದವನ್ನು ತಿಳಿಯದೆ ಪೇಟೆಯಲ್ಲಿ ನಡೆದ ಅವಾಂತರ ಸಣ್ಣದಲ್ಲ. ಹತ್ತು ರೂಪಾಯಿಯ ನಾಣ್ಯಗಳು ಬೇರೆ ಬೇರೆ ವಿನ್ಯಾಸಗಳಲ್ಲಿ ಬಂದುದರಿಂದ ಅವು ಖೋಟಾ ಎಂಬ ಗಾಳಿಸುದ್ದಿ ಹಬ್ಬಿ, ಅನೇಕ ಅಂಗಡಿಗಳಲ್ಲಿ ಅವುಗಳನ್ನು ನಿರಾಕರಿಸಿದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಅದುವರೆಗೆ ಬಂದ 14 ವಿನ್ಯಾಸಗಳೂ ನ್ಯಾಯಸಮ್ಮತವೆಂದು ಸ್ಪಷ್ಟಪಡಿಸಬೇಕಾಯಿತು.

ಇನ್ನು ಮೂರು ಲಕ್ಷದ ವೈಷ್ಣೋದೇವಿಯ ಸರದಿ. ಮಾಸ್ತರರು ಅದನ್ನು ತೂಗಿದರು, ಅಳೆದರು. ಆ ಕಾಲದ ಹತ್ತು ರೂಪಾಯಿಯ ತೂಕ 7.71 ಗ್ರಾಂ, ಅಡ್ಡಳತೆ 27 ಮಿಲಿಮೀಟರ್, ಎರಡೂ ಸರಿಹೋದವು. ನಾಣ್ಯವನ್ನು ಎರಡು ಬೆರಳುಗಳ ನಡುವೆ ನೆಟ್ಟಗೆ ಹಿಡಿದು, ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಿದಾಗ ಹಿಂದಿನ ಮುಖವೂ ನೆಟ್ಟಗೇ ನಿಂತಿತು; ಅಚ್ಚು ತಿರುಗಿರಲಿಲ್ಲ. ತಪ್ಪೇನೂ ಇಲ್ಲ. 2012ರಲ್ಲಿ ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ ಸರ್ಕಾರವೇ ಹೊರಡಿಸಿದ ಸ್ಮಾರಕ ನಾಣ್ಯವದು.

"ಹಾಗಾದರೆ ಮೂರು ಲಕ್ಷ?" ಎಂದ ಮೊಮ್ಮಗ.

"ಅದರ ಮೇಲೆ ಬರೆದಿದೆಯಲ್ಲ, ಹತ್ತು ರೂಪಾಯಿ ಎಂದು" ಎಂದರು ಮಾಸ್ತರರು.

ಹಳೆಯ ನೋಟು ನಾಣ್ಯಗಳನ್ನು ಕೊಳ್ಳುವ ಮಾರುವ ನೆಪದಲ್ಲಿ, ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆಗಳನ್ನು ಕೇಳುವವರಿದ್ದಾರೆಂದೂ, ಅಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲವೆಂದೂ, ಯಾರಿಗೂ ಅದಕ್ಕೆ ಅಧಿಕಾರ ಕೊಟ್ಟಿಲ್ಲವೆಂದೂ ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದು ಸಾರ್ವಜನಿಕರನ್ನು ಎಚ್ಚರಿಸಿತು. ಮೊದಲು ನೋಂದಣಿ, ಆಮೇಲೆ ತೆರಿಗೆ, ಅದಾದ ಮೇಲೆ ವಿಮೆ. ಗಾಳಕ್ಕೆ ಸಿಕ್ಕಿದ ಮೀನಿಗೆ ದಾರ ಸಡಿಲಿಸಿ ಸಡಿಲಿಸಿ ಎಳೆದಂತೆ ಈ ಬೇಡಿಕೆ ಸಾಗುತ್ತದೆ. ಹಣ ಕಳುಹಿಸಿದವರು ನಾಚಿಕೆಯಿಂದ ಸುಮ್ಮನಿರಬಾರದು. ಒಡನೆಯೇ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಟ್ಟರೆ ಹಣವನ್ನು ದಾರಿಯಲ್ಲೇ ತಡೆಯುವ ಸಂಭವವಿರುತ್ತದೆ.

ಮೊಮ್ಮಗ ತಲೆ ತಗ್ಗಿಸಿ ಮೊಬೈಲಿನಲ್ಲಿದ್ದ ಆ ಸಂಖ್ಯೆಯನ್ನು ಅಳಿಸಿದ. ತಂಗಿಯ ಶುಲ್ಕ ಉಳಿಯಿತು.

ಎಲ್ಲ ಮುಗಿಯಿತೆನ್ನುವಾಗ ಅಜ್ಜಿ ಸೆರಗಿನ ತುದಿಯನ್ನು ಬಿಚ್ಚಿ ಒಂದು ಉಕ್ಕಿನ ರೂಪಾಯಿಯನ್ನು ಮೇಜಿನ ಮೇಲಿಟ್ಟಳು. ಅಂಚಿನಲ್ಲಿ ಬಿದಿಗೆಯ ಚಂದ್ರನಾಕಾರದಲ್ಲಿ ಒಂದು ಚೂರು ಕಚ್ಚಿ ತೆಗೆದಂತೆ ಇತ್ತು. ಎಷ್ಟೋ ವರ್ಷಗಳ ಹಿಂದೆ ಬಸ್ಸಿನಲ್ಲಿ ಚಿಲ್ಲರೆಯೊಡನೆ ಬಂದದ್ದು. ಯಾವ ಅಂಗಡಿಯವನೂ ತೆಗೆದುಕೊಳ್ಳಲಿಲ್ಲ.

"ಇದನ್ನೇಕೆ ಮುಡಿಪಿಗೆ ಹಾಕಲಿಲ್ಲ ಅಕ್ಕ?" ಎಂದು ಮಾಸ್ತರರು ಕೇಳಿದರು.

"ಅಂಗಡಿಯವನು ಬೇಡವೆಂದದ್ದನ್ನು ದೇವರಿಗೆ ಹಾಕುವುದೇ? ಸಾಸಿವೆ ಡಬ್ಬಿಯಲ್ಲಿ ಇಟ್ಟಿದ್ದೆ."

ಮಾಸ್ತರರು ಅಯಸ್ಕಾಂತ ಹಿಡಿದರು. ಉಕ್ಕಿನ ರೂಪಾಯಿ ಹಾರಿ ಅಂಟಿಕೊಂಡಿತು. ತಕ್ಕಡಿಯಲ್ಲಿ ಇಟ್ಟರು, 4.85 ಗ್ರಾಂ ಇರಬೇಕಾದುದು ಸ್ವಲ್ಪ ಕಡಿಮೆ ತೂಗಿತು. ಬಳಿಕ ಭೂತಗನ್ನಡಿ ಹಿಡಿದು ಕಚ್ಚಿದ ಜಾಗವನ್ನು ಬಿಟ್ಟು ಅದಕ್ಕೆ ನೇರ ಎದುರಿನ ಅಂಚನ್ನು ನೋಡತೊಡಗಿದರು. ಇದು ಮೊಮ್ಮಗನಿಗೆ ವಿಚಿತ್ರವಾಗಿ ಕಂಡಿತು.

ಕಾರಣವಿದೆ. ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಪಟ್ಟಿ ಸಾಕಷ್ಟು ಮುಂದಕ್ಕೆ ಸರಿಯದಿದ್ದರೆ, ಕತ್ತರಿಯು ಹಿಂದೆ ಕತ್ತರಿಸಿದ ತೂತಿನ ಮೇಲೆಯೇ ಒಂದಿಷ್ಟು ಬೀಳುತ್ತದೆ. ಆಗ ಬಿಲ್ಲೆಗೆ ಚಂದ್ರನಾಕಾರದ ಕೊರತೆ ಉಂಟಾಗುತ್ತದೆ. ಮುಂದೆ ಅಂಚನ್ನು ಒತ್ತಿ ಎತ್ತರಿಸುವ ಯಂತ್ರದಲ್ಲಿ ಬಿಲ್ಲೆಯು ಎರಡು ಬದಿಗಳ ನಡುವೆ ಸಿಕ್ಕಿ ಉರುಳುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಎದುರಿನ ಬದಿಗೆ ಒತ್ತಡ ಸಿಗುವುದಿಲ್ಲ. ಆದುದರಿಂದ ನಿಜವಾದ ತಪ್ಪಿನಲ್ಲಿ ಕೊರತೆಯ ನೇರ ಎದುರಿಗೆ ಅಂಚು ಮಸುಕಾಗಿರುತ್ತದೆ. ಕೊರತೆಯ ಬಳಿ ಅಕ್ಷರಗಳು ಮೆಲ್ಲಮೆಲ್ಲನೆ ಕರಗಿದಂತೆ ತೆಳುವಾಗುತ್ತವೆ. ಅರದಿಂದಲೋ ಕತ್ತರಿಯಿಂದಲೋ ಕತ್ತರಿಸಿದ ನಾಣ್ಯದಲ್ಲಿ ಎದುರಿನ ಅಂಚು ಪೂರ್ಣವಾಗಿರುತ್ತದೆ, ಅಕ್ಷರಗಳು ಥಟ್ಟನೆ ತುಂಡಾಗಿರುತ್ತವೆ, ಕತ್ತರಿಸಿದ ಬದಿಯಲ್ಲಿ ಅರದ ಗೀರುಗಳು ಕಾಣುತ್ತವೆ. ಕಚ್ಚಿದ್ದನ್ನು ಮೋಸಗಾರ ಮಾಡಬಲ್ಲ. ಎದುರು ಬದಿಯ ಮಸುಕನ್ನು ಮಾಡಲು ಅವನಿಗೆ ತೋಚುವುದು ಕಡಿಮೆ.

ಅಜ್ಜಿಯ ರೂಪಾಯಿಯಲ್ಲಿ ಎದುರು ಅಂಚು ಕಾಲು ಅಂಗುಲದಷ್ಟು ದೂರ ಮಸುಕಾಗಿತ್ತು.

"ಅಕ್ಕ, ಇದು ನಿಜವಾದದ್ದು" ಎಂದರು ಮಾಸ್ತರರು. ಬೆಲೆ ಕೇಳಿದ ಅಳಿಯನಿಗೆ, ಸಂಗ್ರಾಹಕರಲ್ಲಿ ಕೆಲವು ನೂರು ರೂಪಾಯಿ ಬಂದೀತು, ಲಕ್ಷದ ಮಾತು ಬೇಡವೆಂದು ಹೇಳಿದರು. ತಪ್ಪು ನಾಣ್ಯಗಳ ಬೆಲೆ ತಪ್ಪಿನ ಅಪೂರ್ವತೆ, ನಾಣ್ಯದ ಸ್ಥಿತಿ, ಕೊಳ್ಳುವವರ ಆಸಕ್ತಿ ಈ ಮೂರನ್ನೂ ಅವಲಂಬಿಸಿದೆ. ಹೊಳೆಯಲೆಂದು ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದ ನಾಣ್ಯ ಅರ್ಧ ಬೆಲೆಯನ್ನು ಬಚ್ಚಲಲ್ಲೇ ಕಳೆದುಕೊಳ್ಳುತ್ತದೆ. ಅಜ್ಜಿ ಅದನ್ನು ಒಮ್ಮೆಯೂ ತೊಳೆದಿರಲಿಲ್ಲ.

ತೋಟದ ಕೆಲಸದಲ್ಲಿ ನೆಲದಡಿಯಿಂದ ಹಳೆಯ ನಾಣ್ಯಗಳು ಸಿಕ್ಕಿದರೆ ಮಾಡಬೇಕಾದುದು ಬೇರೆ. ಅವು ನಿಧಿಶೋಧದ ಕಾನೂನಿಗೆ ಒಳಪಡುತ್ತವೆ, ಅಧಿಕಾರಿಗಳಿಗೆ ತಿಳಿಸಲೇಬೇಕು. ನೂರು ವರ್ಷ ಮೀರಿದ ನಾಣ್ಯಗಳನ್ನು ಅನುಮತಿಯಿಲ್ಲದೆ ದೇಶದ ಹೊರಗೆ ಕಳುಹಿಸುವಂತಿಲ್ಲ. ಚಲಾವಣೆಯ ನಾಣ್ಯವನ್ನು ಕರಗಿಸುವುದು, ಹಾಳುಗೆಡಹುವುದು 2011ರ ನಾಣ್ಯ ಕಾಯಿದೆಯಂತೆ ಅಪರಾಧ. ಪ್ರಾಚೀನ ನಾಣ್ಯಗಳನ್ನು ಕಣ್ಣಾರೆ ಕಂಡು ತಿಳಿಯಬಯಸುವವರಿಗೆ ಮಂಗಳೂರಿನ ಬಿಜೈಯಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ, ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯ ಇವೆ. ನೋಡಿ ನೋಡಿ ಪಳಗಿದ ಕಣ್ಣಿಗಿಂತ ದೊಡ್ಡ ಉಪಕರಣ ಬೇರೊಂದಿಲ್ಲ.

ಸಂಜೆ ಬಸ್ ನಿಲ್ದಾಣದಲ್ಲಿ ಅಳಿಯ ತನ್ನ ಮೂರು ಸಾವಿರದ ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. "ಮಗಳಿಗೆ ಇವತ್ತೇ ಹೇಳಿಬಿಡಿ" ಎಂದಳು ಅಜ್ಜಿ. "ನಾಳೆಗಾದರೆ ಎರಡು ತಪ್ಪಾಗುತ್ತದೆ."

ಆ ವಾರದಲ್ಲೇ ಮುಡಿಪು ಧರ್ಮಸ್ಥಳಕ್ಕೆ ಹೋಯಿತು. ವೈಷ್ಣೋದೇವಿಯ ಹತ್ತು ರೂಪಾಯಿಯೂ ಅದರೊಳಗೇ ಇತ್ತು. ಕಚ್ಚಿದ ರೂಪಾಯಿ ಮಾತ್ರ ಮೊಮ್ಮಗನ ಪಾಲಿಗೆ ಬಂತು. ಅವನು ಅದನ್ನು ಮಾರಲಿಲ್ಲ. ಒಂದು ಕಾಗದದ ಲಕೋಟೆಯಲ್ಲಿ ಇಟ್ಟು, ಅದರ ಮೇಲೆ ತೂಕ, ಇಸವಿ, ತಪ್ಪಿನ ಬಗೆ, ಸಿಕ್ಕಿದ ಊರು ಎಲ್ಲವನ್ನೂ ಬರೆದ. ಎಲ್ಲಿ ಇಡಲಿ ಎಂದು ಕೇಳಿದಾಗ ಅಜ್ಜಿ ಅಡುಗೆಮನೆಯ ಕಡೆಗೆ ಕೈತೋರಿಸಿದಳು.